ಎಂಜಿನಿಯರಿಂಗ್ ಬೇಡ, ಮೆಷಿನ್ ಕೆಲಸ ಕಲಿಯುತ್ತೇನೆ ಎನ್ನುವ ಮಗಳು

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಾಳೆ. ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟೂ ಸಿಗುತ್ತದೆ. ಆದರೆ ನಾಲ್ಕು ವರ್ಷ ಬೆಂಚಿನ ಮೇಲೆ ಕೂರಲಾರೆ, ಐಟಿಐಗೆ ಸೇರಿಸಿ ಎಂದು ಹಟ ಹಿಡಿದಿದ್ದಾಳೆ. ಓದು ತಲೆಗೆ ಹತ್ತದವರು ಹೋಗುವ ಜಾಗ ಅದು ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನೆಂಟರ ಆ ಮಾತನ್ನು ಮೊದಲು ಪಕ್ಕಕ್ಕಿಡಿ ಸ್ವಾಮಿ. ನಾನು ಐಟಿಐಯಲ್ಲಿ ಫಿಟ್ಟರ್ ಟ್ರೇಡ್, ಅಂದರೆ ಯಂತ್ರದ ಭಾಗಗಳನ್ನು ತಿದ್ದಿ ಜೋಡಿಸುವ ಕಸುಬು, ಕಲಿಸಿ ನಿವೃತ್ತನಾದವನು. ಆ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ಸಂಕಟವಾಗುತ್ತದೆ.

ಫಿಟ್ಟರ್ ಟ್ರೇಡಿಗೆ ಬಂದವರು ಮೊದಮೊದಲು ಕಲಿಯುವುದು ಅರ ಹಾಕುವುದನ್ನು. ಕಬ್ಬಿಣದ ತುಂಡನ್ನು ವೈಸಿಗೆ ಬಿಗಿದು ಅರ ತಳ್ಳಬೇಕು. ನೇರವಾಗಿಯೇ ತಳ್ಳುತ್ತಿದ್ದೇನೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಕೈ ತೂಗಾಡಿ, ಎರಡೂ ಅಂಚು ಸವೆದು, ನಡು ಉಬ್ಬಿರುತ್ತದೆ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಲಂಬಕೋನ ನೋಡುವ ಟ್ರೈ ಸ್ಕ್ವೇರ್ ಇಟ್ಟು ಕಿಟಕಿಯತ್ತ ಹಿಡಿದರೆ ಸಣ್ಣ ಬೆಳಕಿನ ಗೆರೆ ಕಾಣುತ್ತದೆ. ಆ ಗೆರೆ ಹೋಗುವಷ್ಟು ಸಮ ಮಾಡಲು ಕಲಿಯುವ ಹೊತ್ತಿಗೆ ಪಾದ ಎಲ್ಲಿರಬೇಕು, ಮೊಣಕೈ ಎಷ್ಟು ಮಡಚಬೇಕು ಎಂಬುದು ಮೈಗೆ ಹತ್ತಿರುತ್ತದೆ. ಮುಂದೆ ಮೈಕ್ರೊಮೀಟರ್ ಬರುತ್ತದೆ, ಅಲ್ಲಿ ಲೆಕ್ಕ ಮಿಲಿಮೀಟರಿನ ನೂರನೇ ಒಂದು ಭಾಗದ್ದು. ಸೈನ್ ಬಾರ್ ಇಟ್ಟು ಕೋನ ಅಳೆಯುವಾಗ ಪಿಯುಸಿಯಲ್ಲಿ ಉರು ಹೊಡೆದ ತ್ರಿಕೋನಮಿತಿಯೇ ಬೇಕಾಗುತ್ತದೆ. ಇದು ಓದಲ್ಲ ಎನ್ನುವವರು ಒಂದು ದಿನ ವರ್ಕ್‌ಶಾಪಿನಲ್ಲಿ ನಿಂತು ನೋಡಲಿ.

ಹೀಗಂದರೂ, ನಿಮ್ಮ ಮಗಳಿಗೆ ನಾನು ಮೊದಲು ತೋರಿಸುವ ದಾರಿ ಐಟಿಐ ಅಲ್ಲ. ಪಿಯುಸಿ ವಿಜ್ಞಾನ ಪಾಸಾದವರಿಗೆ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಎಷ್ಟೋ ತಂದೆ-ತಾಯಿಗೆ ಇದು ಗೊತ್ತೇ ಇರುವುದಿಲ್ಲ. ಎರಡು ವರ್ಷದಲ್ಲಿ ಡಿಪ್ಲೊಮಾ ಕೈಗೆ ಬರುತ್ತದೆ. ಆಮೇಲೆ ಮನಸ್ಸು ಬದಲಾದರೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೇ ಸೇರಬಹುದು. ಹದಿನೆಂಟರ ಹುಡುಗಿಗೆ ಈ ಬಾಗಿಲು ತೆರೆದಿರುವುದು ಒಳ್ಳೆಯದು. ಅಚ್ಚು, ಡೈ ಮಾಡುವ ಟೂಲ್ ರೂಮ್ ಕೆಲಸವೇ ಬೇಕೆಂದರೆ ಸರ್ಕಾರದ್ದೇ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ಜಿಟಿಟಿಸಿ, ಇದೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿತ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ.

ಇಲ್ಲ, ಐಟಿಐಯೇ ಎಂದರೆ ಎರಡು ವರ್ಷದ ಟ್ರೇಡ್ ಹಿಡಿಯಲಿ: ಫಿಟ್ಟರ್, ಟರ್ನರ್, ಮಷಿನಿಸ್ಟ್, ಎಲೆಕ್ಟ್ರಿಷಿಯನ್. ಸಂಸ್ಥೆಗೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ ಇರಲೇಬೇಕು, ಹಿಂದೆ ಇದನ್ನೇ ಎನ್‌ಸಿವಿಟಿ ಮಾನ್ಯತೆ ಎನ್ನುತ್ತಿದ್ದರು. ಅಖಿಲ ಭಾರತ ಟ್ರೇಡ್ ಪರೀಕ್ಷೆ ಪಾಸಾದರೆ ಸಿಗುವ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ (ಎನ್‌ಟಿಸಿ) ಇಡೀ ದೇಶದಲ್ಲಿ ನಡೆಯುತ್ತದೆ. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೂ ಅದನ್ನಿಟ್ಟುಕೊಂಡು ಅರ್ಜಿ ಹಾಕಬಹುದು. ಕೆಎಎಸ್, ಐಎಎಸ್‌ಗೆ ಮಾತ್ರ ಪದವಿ ಬೇಕೇಬೇಕು. ಮುಂದೆ ಆ ಆಸೆ ಹುಟ್ಟಿದರೆ ಕೆಲಸ ಮಾಡುತ್ತಲೇ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಮಾಡಿಕೊಳ್ಳಲಿ, ಪಿಯುಸಿ ಹೇಗೂ ಇದೆ.

ಸೇರಿಸುವ ಮೊದಲು ಕಟ್ಟಡ ನೋಡಬೇಡಿ, ವರ್ಕ್‌ಶಾಪ್ ನೋಡಿ. ಮಗಳನ್ನೂ ಕರೆದುಕೊಂಡು ಹೋಗಿ. ಲೇತ್ ಯಂತ್ರದ ಟ್ರೇಯಲ್ಲಿ ಹೊಸ ಲೋಹದ ಸುರುಳಿ ಬಿದ್ದಿದೆಯೋ, ಧೂಳು ಕೂತಿದೆಯೋ? ಒಂದು ವೈಸಿಗೆ ಎಷ್ಟು ಮಂದಿ ಕಾಯುತ್ತಾರೆ? ಅಲ್ಲಿ ಕಲಿಯುತ್ತಿರುವ ಹೆಣ್ಣುಮಕ್ಕಳಿದ್ದರೆ ಮಗಳೇ ಹೋಗಿ ಅವರನ್ನು ಮಾತಾಡಿಸಲಿ, ನೀವು ದೂರ ನಿಲ್ಲಿ. ‘ಮೂರೇ ತಿಂಗಳ ಕೋರ್ಸ್, ನೌಕರಿ ಗ್ಯಾರಂಟಿ’ ಎನ್ನುವವರ ಕಡೆ ತಲೆ ಹಾಕಬೇಡಿ.

ಪ್ರಶ್ನೆ: ಐಟಿಐ ಮುಗಿಸಿ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದೇನೆ. ಮೆಷಿನ್ ಮುಟ್ಟಲು ಬಿಡುವುದಿಲ್ಲ. ದಿನವಿಡೀ ಲೋಡಿಂಗ್, ಗುಡಿಸುವ ಕೆಲಸ. ಬಿಟ್ಟುಬಿಡಲೇ?
– ನೊಂದ ಅಪ್ರೆಂಟಿಸ್

ಉತ್ತರ: ಈಗಲೇ ಬಿಡಬೇಡಪ್ಪ. ನಿನ್ನ ಅಪ್ರೆಂಟಿಸ್‌ಶಿಪ್ ಕರಾರು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯೇ, ಮೊದಲು ಅದನ್ನು ನೋಡು. ಆಗಿಲ್ಲದಿದ್ದರೆ ನೀನು ಅಪ್ರೆಂಟಿಸ್ ಅಲ್ಲ, ಕಡಿಮೆ ಕೂಲಿಯ ಆಳು. ಆಗ ಹೊರಗೆ ಬಂದು ಬೇರೆ ಕಡೆ ಹುಡುಕು. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂಬ ನಿಯಮವಿದೆ.

ನೋಂದಣಿ ಆಗಿದ್ದರೆ 1961ರ ಅಪ್ರೆಂಟಿಸ್ ಕಾಯ್ದೆ ನಿನ್ನ ಬೆನ್ನಿಗಿದೆ. ಕಾಯ್ದೆಯ ಪ್ರಕಾರ ನೀನು ಕಾರ್ಮಿಕನಲ್ಲ, ತರಬೇತಿ ಪಡೆಯುವವನು. ಟ್ರೇಡ್ ಕಲಿಸುವುದು ಮಾಲೀಕರ ಹೊಣೆ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರವೂ ಕೊಡಬೇಕು. ಆದರೆ ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಎಂದೇನೂ ಇಲ್ಲ, ಕರಾರಿನಲ್ಲಿ ಬರೆದಿದ್ದರೆ ಮಾತ್ರ. ಅದಕ್ಕೇ ನೀನು ಅಲ್ಲಿಂದ ಹೊತ್ತು ತರಬೇಕಾದ್ದು ಕಸುಬನ್ನು.

ಪ್ರತಿದಿನ ಏನು ಕೆಲಸ ಕೊಟ್ಟರು ಎಂದು ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಬರೆದಿಡು. ಮೊದಲು ಸೂಪರ್‌ವೈಸರ್‌ಗೆ ಲಿಖಿತವಾಗಿ ಕೇಳು, ಮರ್ಯಾದೆಯಿಂದ: ‘ಸರ್, ನನ್ನ ಟ್ರೇಡಿನ ಕೆಲಸಕ್ಕೆ ಹಾಕಿ.’ ಅದಕ್ಕೂ ಬಗ್ಗದಿದ್ದರೆ ಆ ಪುಸ್ತಕ, ಕರಾರಿನ ಪ್ರತಿ ಎರಡನ್ನೂ ಲಗತ್ತಿಸಿ ಸರ್ಕಾರದ ಅಧಿಕಾರಿಯಾದ ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ ದೂರು ಕೊಡು. ಇಂಥ ತಕರಾರು ತೀರ್ಮಾನಿಸುವ ಅಧಿಕಾರವನ್ನು ಕಾಯ್ದೆ ಅವರಿಗೇ ಕೊಟ್ಟಿದೆ. ಎಲ್ಲಿಗೆ ಹೋಗಬೇಕು ಎಂದು ತಿಳಿಯದಿದ್ದರೆ ನೀನು ಓದಿದ ಐಟಿಐಗೆ ಹೋಗಿ ನಿನಗೆ ಕಲಿಸಿದವರನ್ನೇ ಕೇಳು.