ನ್ಯೂಟ್ರಾನಿಗೆ ಚಾರ್ಜೇ ಇಲ್ಲವಲ್ಲ, ಮತ್ತೆ ಅದನ್ನು ಅಳೆಯುವುದು ಯಾವುದರಿಂದ? ಎಣಿಸಿದ್ದು ನ್ಯೂಟ್ರಾನೇ ಎಂದು ನಂಬುವುದು ಹೇಗೆ?

ಕೇಳಿದವರು ಪ್ಲಸ್ ಟು ಓದುತ್ತಿರಬೇಕು ಅನ್ನಿಸಿತು. ವಿಕಿರಣ ಎಣಿಸುವ ಗೈಗರ್ ಕೌಂಟರ್ ಅಯಾನುಗಳಿಂದ, ಅಂದರೆ ಚಾರ್ಜ್ ಪಡೆದ ಅಣುಗಳಿಂದ, ಕೆಲಸ ಮಾಡುತ್ತದೆ, ನ್ಯೂಟ್ರಾನ್ ಅಯಾನು ಮಾಡುವುದಿಲ್ಲ, ಹಾಗಾದರೆ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಮೊಬೈಲಿನಲ್ಲಿ ಅಳೆಯಬಹುದಾ ಎಂದೂ ಕೊನೆಗೆ ಸೇರಿಸಿದ್ದೀರಿ. ನಾನು ವಿಜ್ಞಾನಿ ಅಲ್ಲ, ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವವನು. ಆದರೆ ಊರಿಗೆ ಮರಳುವ ಮೊದಲು ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ಆರು ವರ್ಷ ಫೀಲ್ಡ್ ಅಸಿಸ್ಟೆಂಟ್ ಆಗಿದ್ದೆ. ಬಿಸಿಲಲ್ಲಿ ಪೆಟ್ಟಿಗೆ ಹೊತ್ತು ತಿರುಗಿ ನ್ಯೂಟ್ರಾನ್ ಎಣಿಸುವುದೇ ನನ್ನ ಕೆಲಸ. ಆ ಅನುಭವದಿಂದ ಹೇಳುತ್ತೇನೆ.

ನ್ಯೂಟ್ರಾನನ್ನು ನೇರವಾಗಿ ಹಿಡಿಯುವ ಉಪಕರಣ ಯಾವುದೂ ಇಲ್ಲ. ಅದು ಯಾವುದಾದರೂ ಒಂದು ನ್ಯೂಕ್ಲಿಯಸ್ಸಿಗೆ ಹೋಗಿ ಗುದ್ದಬೇಕು, ಇಲ್ಲವೇ ಅದರ ಹೊಟ್ಟೆ ಸೇರಬೇಕು. ಆಮೇಲೆ ಅಲ್ಲಿಂದ ಹೊರಬೀಳುವ ಚಾರ್ಜ್ ಇರುವ ಕಣವನ್ನು ನಾವು ಎಣಿಸುತ್ತೇವೆ. ರಾತ್ರಿ ತೋಟಕ್ಕೆ ನುಗ್ಗಿದ ಹಂದಿಯನ್ನು ಯಾರೂ ನೋಡಿರುವುದಿಲ್ಲ. ಬೆಳಿಗ್ಗೆ ಮಗುಚಿಬಿದ್ದ ಬಾಳೆಗಿಡ ನೋಡಿ ಎಷ್ಟು ಹಂದಿ, ಯಾವ ಕಡೆಯಿಂದ ಬಂತು ಎಂದು ಹೇಳುತ್ತೇವಲ್ಲ, ಹಾಗೆ.

ನ್ಯೂಟ್ರಾನ್ ಪತ್ತೆಯಾದದ್ದೂ ಹೀಗೆಯೇ. ಬೆರಿಲಿಯಮ್ಮಿಗೆ ಆಲ್ಫಾ ಕಣ ಬಡಿದಾಗ ಹೊರಬರುವ ವಿಕಿರಣವೊಂದು ಮೇಣದಿಂದ ಪ್ರೋಟಾನುಗಳನ್ನು ಒದ್ದು ಹೊರಹಾಕುವುದನ್ನು ಪ್ಯಾರಿಸಿನಲ್ಲಿ ಜೋಲಿಯೊ-ಕ್ಯೂರಿ ದಂಪತಿ ಮೊದಲು ಕಂಡರು. ಆದರೆ ಅದು ತೂಕವಿಲ್ಲದ ಗಾಮಾ ಕಿರಣ ಎಂದುಕೊಂಡರು. ಅದೇ 1932ರಲ್ಲಿ ಕೇಂಬ್ರಿಜ್‌ನ ಚಾಡ್ವಿಕ್ ಮೇಣದ ಪ್ರೋಟಾನಿನ ವೇಗ ಮತ್ತು ಗುದ್ದು ತಿಂದ ನೈಟ್ರೋಜನ್ನಿನ ವೇಗ ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರು. ಗುದ್ದಿದ ಕಣದ ತೂಕ ಸುಮಾರು ಪ್ರೋಟಾನಿನಷ್ಟೇ ಎಂದು ಬಂತು. 1935ರ ನೊಬೆಲ್ ಅವರಿಗೆ. ನಮ್ಮ ಪಠ್ಯಪುಸ್ತಕ ಇದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತದೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಈಗ ನನ್ನ ಪೆಟ್ಟಿಗೆಯ ವಿಷಯ. ಅದಕ್ಕೆ ನಾವು ನ್ಯೂಟ್ರಾನ್ ಪ್ರೋಬ್ ಎನ್ನುತ್ತಿದ್ದೆವು. ಕೆಲಸ ಮಣ್ಣಿನ ತೇವ ಅಳೆಯುವುದು. ನೆಲದಲ್ಲಿ ಮೊದಲೇ ಒಂದು ಅಲ್ಯುಮಿನಿಯಂ ಕೊಳವೆ ಇಳಿಸಿರುತ್ತೇವೆ. ಪೆಟ್ಟಿಗೆಯನ್ನು ಕೊಳವೆಯ ಬಾಯಿಯ ಮೇಲೆ ಕೂರಿಸಿ ಕೇಬಲ್ ಸಡಿಲಿಸಿದರೆ ರೊಟ್ಟಿ ಲಟ್ಟಣಿಗೆಯಂಥ ಒಂದು ಕಡ್ಡಿ ಕೆಳಗಿಳಿಯುತ್ತದೆ. ಅದರೊಳಗೆ ಆಲ್ಫಾ ಕಣ ಬಿಡುವ ಅಮೆರಿಸಿಯಂ-241 ಮತ್ತು ಬೆರಿಲಿಯಂ ಬೆರೆಸಿದ ಚಿಕ್ಕ ಗುಳಿಗೆ. ಚಾಡ್ವಿಕ್ ಬಳಸಿದ್ದು ಪೊಲೋನಿಯಂ, ಉಪಾಯ ಮಾತ್ರ ಅದೇ. ಗುಳಿಗೆಯಿಂದ ವೇಗದ ನ್ಯೂಟ್ರಾನುಗಳು ಮಣ್ಣಿಗೆ ನುಗ್ಗುತ್ತವೆ. ಕಬ್ಬಿಣ, ಸಿಲಿಕಾನ್‌ನಂಥ ದಪ್ಪ ನ್ಯೂಕ್ಲಿಯಸ್ಸಿಗೆ ಬಡಿದರೆ ಗೋಡೆಗೆ ಹೊಡೆದ ಗೋಲಿಯ ಹಾಗೆ ಹೆಚ್ಚುಕಡಿಮೆ ಅದೇ ವೇಗದಲ್ಲಿ ಹಿಂದೆ ಬರುತ್ತವೆ. ಹೈಡ್ರೋಜನ್ನಿಗೆ ಬಡಿದರೆ ಗೋಲಿಗೆ ಗೋಲಿ ತಾಗಿದ ಹಾಗೆ, ವೇಗವೆಲ್ಲ ಆಚೆಯವನಿಗೆ ಹೋಗುತ್ತದೆ. 2 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಕಣದ ಶಕ್ತಿಯ ಅಳತೆ) ಶಕ್ತಿಯ ನ್ಯೂಟ್ರಾನ್ ತಣ್ಣಗಾಗಲು, ಅಂದರೆ ನಿಧಾನವಾಗಲು, ಹೈಡ್ರೋಜನ್ನಿನಲ್ಲಿ ಸರಾಸರಿ 18 ಗುದ್ದು ಸಾಕು, ಕಾರ್ಬನ್ನಿನಲ್ಲಿ ನೂರಕ್ಕೂ ಹೆಚ್ಚು ಬೇಕು. ತಣ್ಣಗಾದದ್ದು ಎಂದರೂ ಸೆಕೆಂಡಿಗೆ 2200 ಮೀಟರ್ ಓಡುತ್ತಿರುತ್ತದೆ. ಮಣ್ಣಲ್ಲಿ ಹೈಡ್ರೋಜನ್ ಎಂದರೆ ಬಹುಪಾಲು ನೀರು. ಹಾಗಾಗಿ ನೀರು ಹೆಚ್ಚಿದಷ್ಟೂ ಕಡ್ಡಿಯ ಸುತ್ತ ನಿಧಾನದ ನ್ಯೂಟ್ರಾನ್ ಹೆಚ್ಚು.

ಆ ನಿಧಾನದವನ್ನು ಎಣಿಸುವುದು ಅದೇ ಕಡ್ಡಿಯಲ್ಲಿರುವ, ಹೀಲಿಯಂ-3 ಅನಿಲ ತುಂಬಿದ ಟ್ಯೂಬು. ನಡುವೆ ಒಂದು ತೆಳು ತಂತಿ, ಅದಕ್ಕೆ ಸಾವಿರ ವೋಲ್ಟಿನ ಆಸುಪಾಸು ಒತ್ತಡ. ನ್ಯೂಟ್ರಾನ್ ಹೀಲಿಯಂ-3ರ ಹೊಟ್ಟೆ ಸೇರಿತೆಂದರೆ ಅದು ಒಡೆದು ಒಂದು ಪ್ರೋಟಾನ್, ಒಂದು ಟ್ರಿಟಿಯಂ (ಭಾರದ ಹೈಡ್ರೋಜನ್) ನ್ಯೂಕ್ಲಿಯಸ್ ಎರಡು ದಿಕ್ಕಿಗೆ ಸಿಡಿಯುತ್ತವೆ. ಎರಡಕ್ಕೂ ಸೇರಿ 764 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್) ಶಕ್ತಿ. ಅಯಾನು ಮಾಡುವವು ಇವು. ಹಳೆಯ ಪ್ರೋಬುಗಳಲ್ಲಿ ಇದೇ ಕೆಲಸಕ್ಕೆ ಬೋರಾನ್ ಟ್ರೈಫ್ಲೋರೈಡ್ ಅನಿಲ ಇರುತ್ತಿತ್ತು.

ಎಣಿಸಿದ್ದು ನ್ಯೂಟ್ರಾನೇ ಎಂದು ಹೇಗೆ ನಂಬುವುದು? ಒಳ್ಳೆಯ ಪ್ರಶ್ನೆ, ನಾನೂ ಮೊದಲ ವಾರ ಇದನ್ನೇ ಕೇಳಿದ್ದೆ. ಒಂದು, ಗಾಮಾ ಕಿರಣ ಆ ಟ್ಯೂಬಿನಲ್ಲಿ ಎಬ್ಬಿಸುವ ಪಲ್ಸ್ ಚಿಕ್ಕದು. ಇಂತಿಷ್ಟಕ್ಕಿಂತ ಕೆಳಗಿನದನ್ನು ಎಣಿಸಬೇಡ ಎಂದು ಸರ್ಕ್ಯೂಟಿನಲ್ಲೇ ಗೆರೆ ಹಾಕಿರುತ್ತಾರೆ. ಇನ್ನೊಂದನ್ನು ಹಿರಿಯ ಸಹೋದ್ಯೋಗಿ ಮೇಜಿನ ಮೇಲೆಯೇ ಮಾಡಿ ತೋರಿಸಿದರು. ಬಿಡಿ ಟ್ಯೂಬೊಂದಕ್ಕೆ ಸೀಸದ ತಗಡು ಸುತ್ತಿದರು, ಎಣಿಕೆ ಅಲುಗಲಿಲ್ಲ. ಸೀಸ ಬಿಚ್ಚಿ ಒಂದೇ ಮಿಲಿಮೀಟರ್ ದಪ್ಪದ ಕ್ಯಾಡ್ಮಿಯಂ ತಗಡು ಸುತ್ತಿದರು, ಓಡುತ್ತಿದ್ದ ಅಂಕಿ ಬಾಯಿ ಮುಚ್ಚಿದ ಹಾಗೆ ಇಳಿಯಿತು. ಕ್ಯಾಡ್ಮಿಯಂ ನಿಧಾನದ ನ್ಯೂಟ್ರಾನನ್ನು ನುಂಗುವುದರಲ್ಲಿ ರಾಕ್ಷಸ. ಗಾಮಾ ಆಗಿದ್ದರೆ ಸೀಸಕ್ಕೆ ಹೆದರಬೇಕಿತ್ತು.

ಆದರೆ ನ್ಯೂಟ್ರಾನ್ ಎಂದು ಖಾತ್ರಿಯಾದರೂ ಅಳತೆ ಸರಿ ಎಂದು ಅರ್ಥವಲ್ಲ. ಇದನ್ನು ನಾನು ಕಲಿತದ್ದು ನಮ್ಮೂರಿನ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣಿನಲ್ಲಿ, ಮಾನ ಕಳೆದುಕೊಂಡು. ಕೇಂದ್ರದವರು ನಮ್ಮ ಕಡೆಯ ಒಂದು ಅಡಿಕೆ ತೋಟದಲ್ಲಿ ಕೊಳವೆ ಹಾಕಿಸಿದ್ದರು. ಕೊರೆಯಲಿಕ್ಕೇ ಎರಡು ದಿನ ಬೇಕಾಯಿತು. ಗುಡ್ಡಕ್ಕೆ ಕೊರೆದ ಸುರಂಗದ ನೀರಿನಿಂದ ತೋಟ ಮಾಡಿದ ಅಜ್ಜ ಅದರ ಯಜಮಾನರು. ಪೆಟ್ಟಿಗೆ ನೋಡಿದ್ದೇ, "ಎಂತ ಮಾರಾಯ, ಬೋರಿಗೆ ಪಾಯಿಂಟ್ ನೋಡುವ ಮೆಶಿನಾ?" ಎಂದರು.

"ಅಲ್ಲ ಅಜ್ಜ, ಮಣ್ಣಲ್ಲಿ ನೀರೆಷ್ಟು ಅಂತ ನೋಡುವುದು."

ಮಾರ್ಚ್ ತಿಂಗಳು. ತಯಾರಕರು ಕೊಟ್ಟ ಸೂತ್ರಕ್ಕೆ ಎಣಿಕೆ ಹಾಕಿದೆ, ನೂರಕ್ಕೆ 31 ಪಾಲು ನೀರು ಎಂದು ಬಂತು. ಜೋರಾಗಿಯೇ ಓದಿ ಹೇಳಿದೆ. ಅಜ್ಜ ಮಾತಾಡದೆ ಪಕ್ಕದ ಹೊಂಡದ ಗೋಡೆಯಿಂದ ಒಂದು ಹೆಂಟೆ ಕಿತ್ತು ನನ್ನ ಅಂಗೈಯಲ್ಲಿ ಪುಡಿ ಮಾಡಿದರು. ಬರೀ ಧೂಳು.

ಅದೇ ಆಳದ ಮಣ್ಣನ್ನು ತೂಗಿ, 105 ಡಿಗ್ರಿಯ ಓವನ್ನಿನಲ್ಲಿ ಒಂದು ದಿನ ಇಟ್ಟು, ಮತ್ತೆ ತೂಗಿದಾಗ ಬಂದದ್ದು 17. ಮೆಶಿನು ಕೆಟ್ಟಿರಲಿಲ್ಲ. ಮುರಕಲ್ಲಿನ ಮಣ್ಣಿನ ಖನಿಜಗಳಾದ ಕೆಯೊಲಿನೈಟ್, ಗಿಬ್ಸೈಟ್, ಗೀಥೈಟ್‌ಗಳ ಹರಳಿನೊಳಗೇ ಹೈಡ್ರೋಜನ್ ಕಟ್ಟಿಕೊಂಡು ಕೂತಿದೆ. ಅದು ಗಿಡಕ್ಕೆ ಸಿಗುವ ನೀರಲ್ಲ, 105 ಡಿಗ್ರಿಗೆ ಬಿಟ್ಟೂ ಹೋಗುವುದಿಲ್ಲ, ಇನ್ನೂ ನೂರಾರು ಡಿಗ್ರಿ ಹೆಚ್ಚಿನ ಕಾವು ಬೇಕು. ನ್ಯೂಟ್ರಾನಿಗೆ ಮಾತ್ರ ಎರಡೂ ಒಂದೇ. ಬೇರೆ ಮಣ್ಣಿಗೆ ಬರೆದ ಸೂತ್ರವನ್ನು ಇಲ್ಲಿಗೆ ತಂದದ್ದು ನನ್ನ ತಪ್ಪು. ಮಳೆಗಾಲದವರೆಗೂ ಕಾದು, ಒಣಗಿದಾಗ, ಒದ್ದೆಯಾದಾಗ ಎರಡೂ ಹೊತ್ತಿನಲ್ಲಿ ಮಣ್ಣು ತೆಗೆದು ಓವನ್ನಿಗೆ ಹಾಕಿ, ಎಣಿಕೆಯಿಂದ ತೇವ ಹೇಳುವ ಹೊಸ ಗೆರೆಯನ್ನು ಆ ತೋಟಕ್ಕೇ ಗ್ರಾಫಿನಲ್ಲಿ ಎಳೆದೆವು. ಮೇಲಿನ 15 ಸೆಂಟಿಮೀಟರಿನ ರೀಡಿಂಗ್ ಮಾತ್ರ ಕೊನೆಗೂ ನಂಬಲಿಲ್ಲ. ಅಲ್ಲಿ ನ್ಯೂಟ್ರಾನುಗಳು ಗಾಳಿಗೆ ತಪ್ಪಿಸಿಕೊಳ್ಳುತ್ತವೆ.

ಎಣಿಕೆಯ ಬಗ್ಗೆ ಒಂದು ಮಾತು, ಪರೀಕ್ಷೆಗೂ ಉಪಯೋಗಕ್ಕೆ ಬಂದೀತು. ಒಂದೇ ಜಾಗದಲ್ಲಿ ಎರಡು ಸಲ ಎಣಿಸಿದರೆ ಅಂಕಿ ಒಂದೇ ಬರುವುದಿಲ್ಲ, ಬರಲೂ ಬಾರದು. 100 ಬಂದರೆ ಅದರ ವರ್ಗಮೂಲ 10, ಅಂದರೆ ನೂರಕ್ಕೆ ಹತ್ತರಷ್ಟು ಅಲುಗಾಟ. 10,000 ಬರುವವರೆಗೆ ಕಾದರೆ ಅಲುಗಾಟ ನೂರಕ್ಕೆ ಒಂದು. ಬಿಸಿಲು ತಾಳದೆ ಬೇಗ ಮುಗಿಸಿದ ದಿನದ ರೀಡಿಂಗನ್ನು ಗ್ರಾಫಿನಲ್ಲಿ ದೂರದಿಂದಲೇ ಗುರುತಿಸಬಹುದಿತ್ತು. ಅವು ಹೆಚ್ಚಾಗಿ ನನ್ನವೇ.

ನಮ್ಮ ಮೈಗೆ ಎಷ್ಟು ತಾಗಿತು ಎಂದು ನೋಡುವುದು ಬೇರೆ ದಾರಿ. ಅದಕ್ಕೆ ಕನ್ನಡಕದ ಗಾಜಿಗೆ ಬಳಸುವ ಸಿಆರ್-39 ಎಂಬ ಪ್ಲಾಸ್ಟಿಕ್ಕಿನ ಬ್ಯಾಡ್ಜ್ ಇದೆ. ನ್ಯೂಟ್ರಾನ್ ಒದ್ದ ಪ್ರೋಟಾನ್ ಅದರಲ್ಲಿ ಗೀರು ಬಿಡುತ್ತದೆ. ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ಗೀರು ಗುಳಿಯಾಗುತ್ತದೆ, ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ.

ಮೊಬೈಲಿನಲ್ಲಿ ಆಗುವುದಿಲ್ಲ. ಕ್ಯಾಮೆರಾ ಮುಚ್ಚಿಟ್ಟು ಗಾಮಾ ಕಿರಣ ತೋರಿಸುವ ಆ್ಯಪ್‌ಗಳಿವೆ, ಅವು ಹೇಗೋ ಹಾಗೆ ಕೆಲಸ ಮಾಡುತ್ತವೆ. ನ್ಯೂಟ್ರಾನ್ ಎಣಿಸಲು ಹೀಲಿಯಂ-3, ಬೋರಾನ್ ಅಥವಾ ಲಿಥಿಯಂನಂಥ ವಸ್ತು ಇರುವ ಡಿಟೆಕ್ಟರೇ ಬೇಕು. ನಮ್ಮಂಥ ಪ್ರೋಬನ್ನು ಇಟ್ಟುಕೊಳ್ಳಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಒಳಗಿನ ಅಮೆರಿಸಿಯಂ ಅರ್ಧ ಆಗಲಿಕ್ಕೇ 432 ವರ್ಷ ತೆಗೆದುಕೊಳ್ಳುತ್ತದೆ. ಈಗ ನನ್ನ ತೋಟದಲ್ಲಿ ನೀರು ಬಿಡಬೇಕಾ ಎಂದು ನೋಡಲು ಅಜ್ಜನ ಹಾಗೆ ಹೆಂಟೆ ಪುಡಿ ಮಾಡಿ ನೋಡುತ್ತೇನೆ.