ಹುಣ್ಣಿಮೆ ಎಲ್ಲಿಂದ ಬಂತು?

ಪ್ರಶ್ನೆ: 1905ರ ಆಗಸ್ಟ್ 5, ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದ ದಿನ. ಆ ರಾತ್ರಿ ಚಿಕ್ಕಪೇಟೆಯಲ್ಲಿ ನಡೆಯುವ ಕೊಲೆಯೇ ನನ್ನ ಪತ್ತೇದಾರಿ ಕಾದಂಬರಿಯ ವಸ್ತು. ಒಟ್ಟು ಹದಿನೆಂಟು ಅಧ್ಯಾಯ. ಓದಿದವರು ‘ಕುತೂಹಲವೇ ಹುಟ್ಟಲಿಲ್ಲ’ ಎನ್ನುತ್ತಾರೆ. ಎಲ್ಲಿ ಎಡವಿದ್ದೇನೆ?

ಸಂಪಾದಕರ ಉತ್ತರ: ಹಸ್ತಪ್ರತಿ ಓದಿದೆವು. ದಿನದ ಆಯ್ಕೆ ಸೊಗಸಾಗಿದೆ, ಆದರೆ ಅದನ್ನು ನೀವು ದುಡಿಸಿಕೊಂಡಿಲ್ಲ. ಮೊದಲ ಪುಟದಲ್ಲಿ ದೀಪ ಹತ್ತುತ್ತದೆ, ಜನ ಬೆರಗಾಗುತ್ತಾರೆ. ಆಮೇಲೆ ಅದರ ಸುದ್ದಿಯೇ ಇಲ್ಲ. ನಡುರಾತ್ರಿಯ ಕೊಲೆಗಾರನನ್ನು ಸಾಕ್ಷಿ ಕಾಣುವುದು ಹುಣ್ಣಿಮೆಯ ಬೆಳಕಿನಲ್ಲಿ!

ಆ ವರ್ಷ ಆಗಸ್ಟ್ 30ರಂದು ಸೂರ್ಯಗ್ರಹಣ, ಎಂದರೆ ಅಮಾವಾಸ್ಯೆ. ಇಪ್ಪತ್ತೊಂಬತ್ತೂವರೆ ದಿನ ಹಿಂದಕ್ಕೆ ಎಣಿಸಿ: ಹಿಂದಿನ ಅಮಾವಾಸ್ಯೆ ಒಂದನೇ ತಾರೀಖಿನ ಆಸುಪಾಸು. ಐದರಂದು ಇದ್ದದ್ದು ಎಳೆಚಂದ್ರ, ಅದೂ ರಾತ್ರಿ ಹತ್ತರ ಸುಮಾರಿಗೆ ಮುಳುಗಿರುತ್ತದೆ. ಇದರಿಂದ ನಿಮಗೆ ಲಾಭವೇ. ಮಾರುಕಟ್ಟೆಯ ಬಳಿ ಹೊಸ ದೀಪ, ಒಳಗಿನ ಗಲ್ಲಿಗಳಲ್ಲಿ ಗವ್ವೆನ್ನುವ ಕತ್ತಲು. ದೀಪ ದಿಟ್ಟಿಸಿ ನೋಡಿದ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ದೀಪ ನೋಡಿ ನೇರ ಗಲ್ಲಿಗೆ ತಿರುಗಿದ ಸಾಕ್ಷಿ ಸುಳ್ಳಾಡದೆಯೇ ತಪ್ಪು ಹೇಳಬಲ್ಲ. ಜಗಲಿಯ ಮೇಲೆ ಕತ್ತಲಲ್ಲೇ ಕೂತಿದ್ದ ಮುದುಕಿ ಸರಿಯಾಗಿ ಕಂಡಿರಬಲ್ಲಳು. ಯಾರ ಮಾತು ನಂಬಬೇಕು ಎಂಬಲ್ಲಿ ನಿಮ್ಮ ಕಾದಂಬರಿ ಶುರುವಾಗಬೇಕು.

ಹುಣ್ಣಿಮೆ ಬೇಕೇಬೇಕೆಂದರೆ ಕಥೆಯನ್ನು ಚೈತ್ರದ ಕರಗದ ರಾತ್ರಿಗೆ ಒಯ್ಯಿರಿ. ಆಗ ಪೇಟೆಯಲ್ಲಿ ಯಾರೂ ಮಲಗಿರುವುದಿಲ್ಲ, ಕರಗದ ಕಾವಲಿಗೆ ನಡೆಯುವ ವೀರಕುಮಾರರ ಕೈಯಲ್ಲಿ ಹಿರಿದ ಕತ್ತಿ ಇರುತ್ತದೆ. ಕತ್ತಿ ಕಂಡೆ ಎಂಬ ಸಾಕ್ಷ್ಯಕ್ಕೆ ಬೆಲೆಯೇ ಇರುವುದಿಲ್ಲ. ಆದರೆ ದೀಪದ ತಂತ್ರ ಬಿಡಬೇಕಾಗುತ್ತದೆ. ಎರಡನ್ನೂ ತುರುಕಬೇಡಿ.

ಇನ್ನು ಸುಳಿವು. ಹೆಸರಿನ ಮೊದಲಕ್ಷರ ಹೊಲಿದ ಕರವಸ್ತ್ರ ಯಾವ ಊರಲ್ಲಾದರೂ ಬೀಳಬಹುದು. ಪೇಟೆಯಲ್ಲಿ ಕಸುಬಿಗೊಂದು ಬೀದಿ: ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಮೆಟ್ಟಿನ ಅಡಿಗೆ ಅಂಟಿದ ಗಾಣದ ಹಿಂಡಿ ಇಡಿ. ಪತ್ತೇದಾರ ಗಾಣಿಗರಪೇಟೆಗೆ ಓಡಲಿ, ಅಲ್ಲಿ ಎರಡು ಅಧ್ಯಾಯ ಅಲೆಯಲಿ. ಹಿಂಡಿ ದನದ ಮೇವೂ ಹೌದು, ಹಸು ಕಟ್ಟಿದ ಯಾವ ಮನೆಯಲ್ಲೂ ಇರುತ್ತದೆ ಎಂಬುದು ಆಮೇಲೆ ಹೊಳೆಯಲಿ. ಆ ಹಸುವನ್ನು ಓದುಗರಿಗೆ ಎರಡನೇ ಅಧ್ಯಾಯದಲ್ಲೇ ತೋರಿಸಿ, ವಾಕ್ಯದ ಕೊನೆಯಲ್ಲಲ್ಲ, ನಡುವೆ. ಅದರ ಬೆನ್ನಿಗೇ ಒಂದು ಜಗಳ ಬರಲಿ. ಕೊನೆಯಲ್ಲಿಟ್ಟ ಮಾತು ಮನಸ್ಸಿನಲ್ಲಿ ನಿಂತುಬಿಡುತ್ತದೆ.

ಕೊಲೆಗಾರ ಹದಿನಾಲ್ಕನೇ ಅಧ್ಯಾಯದಲ್ಲಿ ಮೊದಲು ಕಾಣಿಸಿಕೊಂಡರೆ ಓದುಗರಿಗೆ ಮೋಸ. ಮೂರನೆಯದರೊಳಗೆ ಬರಲಿ.

ಮುಂದೆ ಆತ ಜಟಕಾ ಹತ್ತಿ ದಂಡಿಗೆ, ಎಂದರೆ ಕಂಟೋನ್ಮೆಂಟಿಗೆ, ಓಡುತ್ತಾನೆ, ಪೇಟೆಯ ಪೊಲೀಸರು ಬೆನ್ನಟ್ಟಿ ಅಲ್ಲೇ ಕೋಳ ತೊಡಿಸುತ್ತಾರೆ. ಆಗದು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ದಂಡು 1947ರವರೆಗೆ ಬ್ರಿಟಿಷರ ಆಡಳಿತದಲ್ಲೇ ಇತ್ತು. ಮಹಾರಾಜರ ಪೊಲೀಸರಿಗೆ ಅಲ್ಲಿನ ಅಧಿಕಾರಿಗಳ ನೆರವು ಬೇಕು. ಎರಡು ಮೂರು ಮೈಲಿ ಆಚೆ ಕೊಲೆಗಾರ ಕಾಫಿ ಕುಡಿಯುತ್ತ ಕೂತಿದ್ದಾನೆ, ಕಾಗದ ಮಾತ್ರ ಬಂದಿಲ್ಲ. ಈ ಕಾಯುವಿಕೆಗೆ ಒಂದಿಡೀ ಅಧ್ಯಾಯ ಕೊಡಿ.

ತಿದ್ದಿದ ಮೊದಲ ಆರು ಅಧ್ಯಾಯ ಕಳಿಸಿ. ಜೊತೆಗೆ ಪೇಟೆಯ ಕೈನಕ್ಷೆ ಇರಲಿ. ಯಾರು ಎಷ್ಟು ಗಂಟೆಗೆ ಯಾವ ಗಲ್ಲಿಯಲ್ಲಿದ್ದರೆಂದು ಅದರ ಮೇಲೆಯೇ ಬರೆದಿರಿ.