ಕೀಮೋ ತಪ್ಪಿಸಲೆಂದು ಏಳನೇ ತಿಂಗಳಿಗೇ ಹೆರಿಗೆ ಬೇಡ

ಪ್ರಶ್ನೆ: ನಾನು ಶಿಡ್ಲಘಟ್ಟದ ಬಳಿಯ ಹಳ್ಳಿಯವಳು. ಐದೂವರೆ ತಿಂಗಳ ಬಸುರಿ. ಸ್ತನ ಕ್ಯಾನ್ಸರ್ ಇರುವುದು ಗೊತ್ತಾಗಿ, ಬೆಂಗಳೂರಿನ ವೈದ್ಯರು ಈಗಲೇ ಕೀಮೋ ಶುರು ಮಾಡಬೇಕೆಂದಿದ್ದಾರೆ. ಅದು ಮಗುವಿಗೆ ವಿಷ, ಏಳು ತುಂಬಿದ ಕೂಡಲೇ ಆಪರೇಷನ್ ಮಾಡಿಸಿ ಮಗುವನ್ನು ತೆಗೆಸಿ, ಆಮೇಲೆ ಚಿಕಿತ್ಸೆ ಮಾಡಿಸಿಕೋ ಎನ್ನುತ್ತಾರೆ ಅತ್ತೆ. ಏನು ಮಾಡಲಿ?

ಉತ್ತರ: ನಿಮ್ಮ ಅತ್ತೆಯವರ ಮಾತು ಮೊಮ್ಮಗುವಿನ ಮೇಲಿನ ಅಕ್ಕರೆಯಿಂದ ಬಂದದ್ದು, ಆದರೆ ಅವರು ತೋರಿಸುತ್ತಿರುವ ದಾರಿಯೇ ಆ ಮಗುವಿಗೆ ಹೆಚ್ಚು ಅಪಾಯದ್ದು. ಅಂಗಾಂಗಗಳು ರೂಪುಗೊಳ್ಳುವ ಮೊದಲ ಮೂರು ತಿಂಗಳಲ್ಲಿ ಕೀಮೋ ಕೊಟ್ಟರೆ ಗರ್ಭಪಾತ, ಹುಟ್ಟುದೋಷಗಳ ಭಯವಿರುವುದರಿಂದ ವೈದ್ಯರು ಆಗ ಅದನ್ನು ಕೊಡುವುದಿಲ್ಲ. ನೀವು ಆ ಘಟ್ಟವನ್ನು ದಾಟಿದ್ದೀರಿ. ಸ್ತನ ಕ್ಯಾನ್ಸರಿಗೆ ಬಳಸುವ ಡಾಕ್ಸೊರುಬಿಸಿನ್, ಸೈಕ್ಲೋಫಾಸ್ಫಮೈಡ್ ಔಷಧಿಗಳನ್ನು ನಾಲ್ಕನೇ ತಿಂಗಳ ನಂತರ ಗರ್ಭಿಣಿಯರಿಗೆ ಎಷ್ಟೋ ವರ್ಷಗಳಿಂದ ಕೊಡುತ್ತಾ ಬಂದಿದ್ದಾರೆ.

2015ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ, ಗರ್ಭದಲ್ಲಿದ್ದಾಗ ತಾಯಿಗೆ ಕ್ಯಾನ್ಸರ್ ಪತ್ತೆಯಾಗಿದ್ದ 129 ಮಕ್ಕಳನ್ನು ಪರೀಕ್ಷಿಸಲಾಯಿತು. ಅವರಲ್ಲಿ 96 ಮಕ್ಕಳ ತಾಯಂದಿರು ಕೀಮೋ ಪಡೆದಿದ್ದರು. ಈ ಮಕ್ಕಳ ಬುದ್ಧಿಯ ಬೆಳವಣಿಗೆ ಇತರ ಮಕ್ಕಳಂತೆಯೇ ಇತ್ತು. ಹಿಂದೆ ಬಿದ್ದವರಲ್ಲಿ ಎದ್ದು ಕಂಡ ಕಾರಣ ಔಷಧಿಯಲ್ಲ, ದಿನ ತುಂಬುವ ಮೊದಲೇ ಹುಟ್ಟಿದ್ದು. ಏಳು ತಿಂಗಳಿಗೆ ಹುಟ್ಟಿದ ಮಗುವಿನ ಶ್ವಾಸಕೋಶ, ಮಿದುಳು ಇನ್ನೂ ಬಲಿತಿರುವುದಿಲ್ಲ, ಮತ್ತು ಆವರೆಗೆ ಕಾಯುವಷ್ಟು ದಿನ ನಿಮ್ಮ ಕಾಯಿಲೆಯೂ ಸುಮ್ಮನಿರುವುದಿಲ್ಲ.

ಹಾಗೆಂದು ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. ಮಗುವಿನ ತೂಕ ಕಡಿಮೆಯಾಗಬಹುದು. ಆದ್ದರಿಂದ ಬೆಳವಣಿಗೆಯ ಸ್ಕ್ಯಾನಿಂಗ್ ತಪ್ಪಿಸಬೇಡಿ. ಕೀಮೋ ನಿಮ್ಮ ಮತ್ತು ಮಗುವಿನ ದೇಹದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು ತಗ್ಗಿಸಬಹುದಾದ್ದರಿಂದ, ಕೊನೆಯ ಡೋಸ್‌ಗೂ ಹೆರಿಗೆಗೂ ನಡುವೆ ಸುಮಾರು ಮೂರು ವಾರಗಳ ಅಂತರವಿಟ್ಟು, ಸಾಧ್ಯವಾದರೆ 37 ವಾರ ತುಂಬಿದ ಮೇಲೆ ಹೆರಿಗೆ ಮಾಡಿಸುತ್ತಾರೆ. ಸ್ತನ ಕ್ಯಾನ್ಸರಿಗೇ ಕೊಡುವ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್, ಟ್ಯಾಮೊಕ್ಸಿಫೆನ್ ಮಾತ್ರೆಗಳು ನಿಮಗೆ ಬೇಕಿದ್ದರೂ ಹೆರಿಗೆಯಾಗುವವರೆಗೆ ಬೇಡ. ಹೆರಿಗೆಯ ನಂತರ ಕೀಮೋ ಮುಂದುವರಿದರೆ ಎದೆಹಾಲು ಕುಡಿಸುವಂತಿಲ್ಲ; ಈ ನೋವಿನ ಮಾತನ್ನು ಮನೆಯವರಿಗೆ ಮೊದಲೇ ತಿಳಿಸಿಡಿ, ಬಾಣಂತನದಲ್ಲಿ ಯಾರೂ ನಿಮ್ಮನ್ನು ದೂರದಿರಲಿ.

ಡಾಕ್ಸೊರುಬಿಸಿನ್ ಕೆಂಪಗಿರುತ್ತದೆ, ಅದನ್ನು ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಾಗಬಹುದು. ಅದು ಔಷಧಿಯ ಬಣ್ಣ, ಗಾಬರಿಯಾಗಬೇಡಿ. ಆದರೆ ಯೋನಿಯಿಂದ ರಕ್ತ ಹೋದರೆ ಅಥವಾ ಜ್ವರ 100.4 ಡಿಗ್ರಿ ದಾಟಿದರೆ, ರಾತ್ರಿಯಾಗಿದ್ದರೂ ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ, ಕೀಮೋ ನಡೆಯುತ್ತಿದೆಯೆಂದು ಮೊದಲು ಹೇಳಿ.